ಹೊಸ್ತಿಲು ದಾಟುವ ತನಕ

ಮಿಯೆನ್ ಅಕ್ಕ ಬೆಳಿಗ್ಗೆ ಹೊತ್ತು ಸಂತೆಗೆ ಹೋಗುವಂತಿರಲಿಲ್ಲ. ಹೋಗಬೇಡ ಎಂದು ಯಾರೂ ಬೋರ್ಡು ಹಾಕಿರಲಿಲ್ಲ, ನಿಜ. ಆದರೆ ಅವಳ ಕೈಯಿಂದ ಬೋಣಿಯಾದರೆ ಅವತ್ತಿಡೀ ವ್ಯಾಪಾರ ಮಲಗುತ್ತದೆ ಎಂದು ನಮ್ಮ ಹೊಳೆದಂಡೆಯ ಸಂತೆಯಲ್ಲಿ ಮೀನಿನವಳಿಂದ ಹಿಡಿದು ಸೊಪ್ಪಿನವಳ ತನಕ ಎಲ್ಲರೂ ನಂಬಿದ್ದರು. ಹಾಗಾಗಿ ಬಿಸಿಲು ನೆತ್ತಿಗೇರಿದ ಮೇಲೆ ಹೋಗಿ, ಬಾಡಿದ ಸೊಪ್ಪು, ಮೆತ್ತಗಾದ ಮೀನು ತರುತ್ತಿದ್ದಳು. "ನನಗೇನೋ ತಮ್ಮ, ಬಾಡಿದ್ದು ಬೇಗ ಬೇಯುತ್ತೆ" ಅನ್ನುತ್ತಿದ್ದಳು. ಹೊಸವರ್ಷದ ತೆತ್ ಹಬ್ಬದ ಮೊದಲ ದಿನ ಯಾರ ಕಾಲು ಮೊದಲು ಮನೆಯೊಳಗೆ ಬರುತ್ತದೋ ಅವರ ಅದೃಷ್ಟ ವರ್ಷಪೂರ್ತಿ ಆ ಮನೆಗೆ. ಅವತ್ತು ಅಕ್ಕ ತನ್ನ ಬಾಗಿಲು ತಾನೇ ಹಾಕಿಕೊಂಡು, ಒಬ್ಬಳೇ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು.

ಅವಳು ಮಾಡಿದ ಪಾಪವೇನು? ಜಿಲ್ಲಾಸ್ಪತ್ರೆಯ ಐಸಿಯುನಲ್ಲಿ ನರ್ಸ್ ಆಗಿದ್ದಳು. ಅಷ್ಟೇ. ನಾನು ಅದೇ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್, ಲೊಕ್. ಇಬ್ಬರೂ ಸೇರಿ ಎಷ್ಟು ಜನರನ್ನು ಮನೆಗೆ ಮುಟ್ಟಿಸಿದ್ದೇವೋ ಲೆಕ್ಕ ಇಟ್ಟಿಲ್ಲ. ಇಡುವಂಥ ಲೆಕ್ಕವೂ ಅಲ್ಲ ಅದು.

ಆಸ್ಪತ್ರೆಯ ಮಂಚದ ಮೇಲೆ ಸಾಯುವುದೆಂದರೆ ನಮ್ಮ ಜನಕ್ಕೆ ದಾರಿಬದಿಯಲ್ಲಿ ಸತ್ತಂತೆ. ಕೊನೆಯ ಉಸಿರು ನಡುಮನೆಯಲ್ಲಿ, ತೀರಿಹೋದ ಹಿರಿಯರ ಪೂಜೆಯ ಪೀಠದ ಮುಂದೆ ಹೋಗಬೇಕು. ಹೊರಗೆ ಸತ್ತವರನ್ನು ಹೊಸ್ತಿಲೊಳಗೆ ತಂದರೆ ಮನೆಗೆ ಕೇಡು. ತರದೆ ಹೋದರೆ ಸತ್ತವರಿಗೆ ನೆಲೆಯಿಲ್ಲ, ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ಶವಪೆಟ್ಟಿಗೆ ಇಟ್ಟು ಅಲ್ಲಿಂದಲೇ ಸಾಗಿಸಬೇಕು. ಡಾಕ್ಟರು "ಇನ್ನೇನೂ ಮಾಡೋಕಾಗಲ್ಲ" ಎಂದು ತಲೆ ತಗ್ಗಿಸಿದ ಕೂಡಲೇ ಮನೆಯವರು "ಹಂಗಾದ್ರೆ ಕರ್ಕೊಂಡ್ ಹೋಗ್ತೀವಿ" ಎನ್ನುತ್ತಾರೆ. ವೆಂಟಿಲೇಟರ್ ಬಿಚ್ಚಿ, ಗಂಟಲಿನ ನಳಿಗೆಗೆ ರಬ್ಬರಿನ ಗಾಳಿಚೀಲ ಸಿಕ್ಕಿಸಿ, ದಾರಿಯುದ್ದಕ್ಕೂ ಅದನ್ನು ಒಬ್ಬರು ಕೈಯಲ್ಲಿ ಹಿಸುಕುತ್ತ ಹೋಗಬೇಕು. ಹಿಸುಕಿದಷ್ಟು ಹೊತ್ತು ಎದೆ ಏರಿಳಿಯುತ್ತದೆ. ಮನೆ ಮುಟ್ಟಿ, ಹಲಗೆ ಮಂಚದ ಮೇಲೆ ಮಲಗಿಸಿ, ಮಕ್ಕಳು ಮೊಮ್ಮಕ್ಕಳು ಕಿವಿಯಲ್ಲಿ ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆ ನಳಿಗೆ ತೆಗೆಯಬೇಕು. ಆ ಹಿಸುಕುವ ಕೈ, ಆ ತೆಗೆಯುವ ಕೈ ಎರಡೂ ಮಿಯೆನ್ ಅಕ್ಕನದೇ.

ಬೇರೆ ನರ್ಸುಗಳಿಗೆ ಒಬ್ಬಳಿಗೆ ಬಸಿರು, ಇನ್ನೊಬ್ಬಳಿಗೆ ಮಗಳ ಮದುವೆ, ಮತ್ತೊಬ್ಬಳಿಗೆ ಗಾಡಿಯಲ್ಲಿ ಕೂತರೆ ವಾಂತಿ. ಅಕ್ಕನಿಗೆ ನೆಪ ಹೇಳಲು ಬರುತ್ತಿರಲಿಲ್ಲ. ಗಂಡ ಮೀನು ಹಿಡಿಯಲು ಹೋಗಿ ಕಡಲಿನಲ್ಲೇ ಉಳಿದುಬಿಟ್ಟಿದ್ದ. ಹೆಣ ಸಿಗಲಿಲ್ಲ, ಮಕ್ಕಳಾಗಿರಲಿಲ್ಲ. "ಅವಳಿಗೆ ಹೋಗೋಕೆ ಇನ್ನೇನು ಉಳಿದಿದೆ, ಅವಳೇ ಹೋಗಲಿ" ಎಂದು ಉಳಿದವರು ಬಾಯಿಬಿಟ್ಟು ಹೇಳದಿದ್ದರೂ ಅರ್ಥ ಅದೇ. ಹೀಗೆ ಒಂದು ಸಲ ಹೋದವಳು ಕೂದಲು ಹಣ್ಣಾಗುವ ತನಕ ಹೋಗುತ್ತಲೇ ಇದ್ದಳು.

ಗಾಡಿಯಲ್ಲಿ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. "ಬೇಗ ಹೋಗೋ ಲೊಕ್" ಅಂದರೆ ಹಿಂದೆ ಮಲಗಿದವರು ಇನ್ನೂ ಇದ್ದಾರೆ, ಕಾಲ ಕಡಿಮೆ ಇದೆ ಎಂದರ್ಥ. ಕೆಲವೊಮ್ಮೆ ಅರ್ಧ ದಾರಿಯಲ್ಲಿ ದನಿ ಬದಲಾಗುತ್ತಿತ್ತು. "ಸಾವಕಾಶ ಹೋಗು ತಮ್ಮ, ಗುಂಡಿ ನೋಡ್ಕೊಂಡು." ಅಷ್ಟು ಸಾಕಿತ್ತು ನನಗೆ. ಪಕ್ಕದಲ್ಲಿ ಮಗನೋ ಮಗಳೋ ಕೂತಿರುತ್ತಿದ್ದರು, ಅವರಿಗೆ ತಿಳಿಯುತ್ತಿರಲಿಲ್ಲ. ಎದೆ ಏಳುತ್ತಲೇ ಇತ್ತಲ್ಲ! ಅಕ್ಕ ನಿಲ್ಲಿಸದೆ ಹಿಸುಕುತ್ತಲೇ ಇರುತ್ತಿದ್ದಳು. ಮನೆಯಂಗಳದಲ್ಲಿ ಮುದುಕರು ಮುಂದೆ ಬಂದು, "ಇದ್ದಾನಾ?" ಎಂದು ಕೇಳಿದರೆ, "ಇದ್ದಾರೆ, ಒಳಗೆ ಕರ್ಕೊಳ್ಳಿ" ಅನ್ನುತ್ತಿದ್ದಳು. ಎಲ್ಲರಿಗೂ ಅದೇ ಮಾತು, ಅದೇ ದನಿ. ಇದ್ದವರಿಗೂ ಅದೇ, ಹೋದವರಿಗೂ ಅದೇ.

ನನ್ನ ಅಮ್ಮನನ್ನೂ ಹಾಗೇ ಮನೆಗೆ ತಂದಿದ್ದು. ಬೇರೆ ಡ್ರೈವರ್ ಓಡಿಸಲಿ ಎಂದರು. ನನ್ನಮ್ಮನ ಬೆನ್ನಿಗೆ ಗುಂಡಿ ತಾಗಿಸುವ ಹಕ್ಕು ಬೇರೆಯವನಿಗೆ ಯಾಕೆ ಕೊಡಲಿ? ನಾನೇ ಓಡಿಸಿದೆ. ಹಿಂದಿನದು ಕಾಣದಿರಲೆಂದು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಟ್ಟಿದ್ದೆ. ಅವತ್ತು ಅಕ್ಕ ಬೇಗ ಅನ್ನಲಿಲ್ಲ, ಸಾವಕಾಶ ಅನ್ನಲಿಲ್ಲ. ಸೇತುವೆ ದಾಟಿದೆ, ಇಟ್ಟಿಗೆಗೂಡು ದಾಟಿದೆ, ಚೀಲದ ಪುಸ್ ಪುಸ್ ಬಿಟ್ಟರೆ ಬೇರೆ ಸದ್ದಿಲ್ಲ. ಮನೆಯಲ್ಲಿ ಅಮ್ಮನನ್ನು ಮಲಗಿಸಿ, "ಇದ್ದಾರೆ ಕಣೋ, ಮಾತಾಡು" ಅಂದಳು. ನಾನು ಅಮ್ಮನ ಕಿವಿಯಲ್ಲಿ ಮಾತಾಡಿದೆ. ಬದುಕಿಡೀ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಹೇಳಿದೆ. ಅವಳಿಗೆ ಕೇಳಿಸಿತೋ ಇಲ್ಲವೋ? ಅದೊಂದು ನನಗೆ ಗೊತ್ತಾಗಬೇಕಿತ್ತು. ಕೇಳಲು ಧೈರ್ಯವಿರಲಿಲ್ಲ.

ಇಷ್ಟೆಲ್ಲ ವರ್ಷ ಅಕ್ಕ ಹೀಗೇ ತೇದಳು. ಮುಂಗೈ ಊದಿ, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾಯಿಸಿಕೊಳ್ಳುತ್ತಿದ್ದಳು. ಕೈನೋವು ದೊಡ್ಡದಲ್ಲ, ಬೇರೊಂದು ಅವಳನ್ನು ತಿನ್ನುತ್ತಿತ್ತು. ಒಂದು ದಿನ ಹೊಸದಾಗಿ ಬಂದ ಡಾಕ್ಟರ್ ಲಾಮ್ ಮುಂದೆ ನಿಂತು ಕೇಳಿಯೇಬಿಟ್ಟಳು. ಲಾಮ್ ಸಿಂಗಪುರದಲ್ಲಿ ಕಲಿತು ಬಂದ ಹುಡುಗ. ಸಾಧು, ನೆಟ್ಟಗೆ ಮಾತಾಡುವವನು, ನೆಟ್ಟಗೆ ಮಾತಾಡಿದರೆ ಜಗತ್ತು ನೆಟ್ಟಗಾಗುತ್ತದೆ ಎಂದು ನಂಬಿದವನು.

"ಡಾಕ್ಟ್ರೇ, ಕಾಗದದಲ್ಲಿ ಏನಂತ ಬರೀತೀರ? ಮನೆಯವರ ಇಚ್ಛೆ ಮೇರೆಗೆ ಕಳಿಸಲಾಯಿತು ಅಂತ. ಆ ನಳಿಗೆ ತೆಗೆಯೋಳು ನಾನು. ನಾನು ಆ ಮನೆಯವಳಾ? ಅಲ್ಲ. ಡಾಕ್ಟ್ರಾ? ಅಲ್ಲ. ಯಾರ ತೀರ್ಮಾನಕ್ಕೆ ನನ್ನ ಕೈ ದುಡೀತಿದೆ ಅಂತ ಯಾರಾದ್ರೂ ಒಬ್ಬರು ಬಾಯಿಬಿಟ್ಟು ಹೇಳಿ. ನಿವೃತ್ತಿ ಆಗೋದ್ರೊಳಗೆ ಕೇಳಿಸಿಕೊಂಡು ಹೋಗ್ತೀನಿ."

ಲಾಮ್ ಮುಖ ಕೆಂಪಾಯಿತು. "ಅಕ್ಕಾ, ಇದನ್ನ ಯಾರೂ ಇಲ್ಲೀತನಕ ಕೇಳಿಲ್ವಾ?"

"ಕೇಳಿದ್ರೆ ಉತ್ತರ ಹೇಳಬೇಕಾಗುತ್ತಲ್ಲ!"

ಆ ಮಾತಿನಿಂದ ನಮ್ಮ ಆಸ್ಪತ್ರೆಯ ನೀತಿ ಸಮಿತಿ ಹುಟ್ಟಿತು. ಈಗ ಗೋಡೆಯ ಮೇಲೆ ಅದರ ಹೆಸರನ್ನು ಚಂದದ ಅಕ್ಷರದಲ್ಲಿ ಬರೆಸಿದ್ದಾರೆ. ಹುಟ್ಟಿಸಿದವಳ ಹೆಸರು ಎಲ್ಲೂ ಇಲ್ಲ, ಬಿಡಿ.

ಸಮಿತಿಯಲ್ಲಿ ನಿರ್ದೇಶಕರು, ಲಾಮ್, ಒಬ್ಬ ವಕೀಲೆ, ಗುಡ್ಡದ ಮಠದ ಭಿಕ್ಷುಣಿ ಅಮ್ಮ. ಇವರಲ್ಲದೆ ಆಸ್ಪತ್ರೆಗೆ ಸೇರದ ಒಬ್ಬ ಸಾಮಾನ್ಯ ಮನುಷ್ಯ ಇರಲೇಬೇಕಂತೆ, ಎಲ್ಲ ದೇಶಗಳಲ್ಲೂ ಹಾಗೇ ಅಂತೆ. ನಿರ್ದೇಶಕರು ಕಿಟಕಿಯಿಂದ ಹೊರಗೆ ನೋಡಿದರು. ನಾನು ಗಾಡಿ ತೊಳೆಯುತ್ತಿದ್ದೆ. "ಲೊಕ್ ಇದ್ದಾನಲ್ಲ, ಅವನು ಗುತ್ತಿಗೆ ಮೇಲಿರೋನು, ಲೆಕ್ಕಕ್ಕೆ ಹೊರಗಿನೋನೇ. ಇವನಿಗಿಂತ ಸಾಮಾನ್ಯ ಯಾರು ಸಿಗ್ತಾರೆ?" ಹೀಗೆ ನಾನು ಒದ್ದೆ ಪ್ಯಾಂಟಿನಲ್ಲೇ ನೀತಿವಂತನಾದೆ.

ಮೊದಲ ಸಭೆಯಲ್ಲಿ ಲಾಮ್ ದೇಶದೇಶದ ಕಥೆ ಹೇಳಿದ. ಅಮೆರಿಕದಲ್ಲಿ ಕಿಡ್ನಿ ಯಂತ್ರ ಕೆಲವೇ ಇದ್ದ ಕಾಲಕ್ಕೆ ಯಾರು ಬದುಕಬೇಕು, ಯಾರು ಬೇಡ ಎಂದು ಊರಿನ ಜನರೇ ಕೂತು ಆರಿಸುತ್ತಿದ್ದರಂತೆ. ಸಿಂಗಪುರದಲ್ಲಿ ಬದುಕಿರುವವರು ಅಂಗ ಕೊಡಬೇಕಾದರೆ ಇಂಥ ಸಮಿತಿ ಒಪ್ಪಲೇಬೇಕೆಂದು ಕಾನೂನೇ ಇದೆಯಂತೆ. ಇನ್ನು ಕೆಲವು ಕಡೆ ಸಮಿತಿ ಬರೀ ಸಲಹೆ ಕೊಟ್ಟು ಸುಮ್ಮನಾಗುತ್ತದಂತೆ, ತೀರ್ಮಾನ ಡಾಕ್ಟರದ್ದೇ.

ಭಿಕ್ಷುಣಿ ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದವರು ಕೇಳಿದರು, "ಆ ದೇಶಗಳಲ್ಲಿ ಜನ ಎಲ್ಲಿ ಸಾಯ್ತಾರಪ್ಪಾ?"

"ಹೆಚ್ಚಿನವರು ಆಸ್ಪತ್ರೇಲೇ ಅಮ್ಮ."

"ಸರಿ ಹಂಗಾದ್ರೆ. ಅವರ ಸಮಿತಿಗೆ ಗಾಡಿ ಹತ್ತೋ ಕಷ್ಟ ಇಲ್ಲ."

ಎಲ್ಲರೂ ನಕ್ಕರು. ಮತ್ತೆ ಮೂರು ಸಭೆ ನಡೆದವು, ಚಹಾ ತಣ್ಣಗಾಯಿತು, ಹಾವೂ ಸಾಯದೆ ಕೋಲೂ ಮುರಿಯದ ಹಾಗೆ ಮಾತುಗಳು ಸುತ್ತಿದವು. ಕೊನೆಗೆ ಲಾಮ್ ಹಟ ಹಿಡಿದು ಒಂದು ನಿಯಮ ಮಾಡಿಸಿದ. ಮನೆಗೆ ಕಳಿಸುವ ತೀರ್ಮಾನಕ್ಕೆ ಡಾಕ್ಟರು ಹೆಸರು ಹಾಕಿ ಸಹಿ ಮಾಡಬೇಕು, ಗಾಡಿಯಲ್ಲಿ ಡಾಕ್ಟರೇ ಹೋಗಬೇಕು, ನಳಿಗೆಯನ್ನು ಅವರೇ ತೆಗೆಯಬೇಕು, ನರ್ಸ್ ಚೀಲ ಹಿಸುಕಿದರೆ ಸಾಕು.

ಸುದ್ದಿ ಹೇಳಲು ನಾನೇ ಓಡಿದೆ. ಅಕ್ಕ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಮಾರನೆಯ ದಿನ ಬೆಳಗಾಗುತ್ತಲೇ ಸಂತೆಗೆ ಹೋದಳು, ಹೊಸ ಕುಪ್ಪಸ ತೊಟ್ಟುಕೊಂಡು! ಮೀನಿನ ದುಂಗ್ ಬುಟ್ಟಿಗೆ ಕೈ ಅಡ್ಡ ಇಟ್ಟು, "ಇನ್ನೂ ಬೋಣಿ ಆಗಿಲ್ಲಕ್ಕಾ, ಬೇಜಾರು ಮಾಡ್ಕೋಬೇಡ, ಆಮೇಲೆ ಬಾ" ಅಂದಳಂತೆ. ಸಮಿತಿಯ ತೀರ್ಮಾನ ಮೀನಿನವಳಿಗೆ ಇನ್ನೂ ತಲುಪಿರಲಿಲ್ಲ. ಅಕ್ಕ ನಗುತ್ತಲೇ ನನಗಿದನ್ನು ಹೇಳಿದಳು, ನಾನು ಬೇರೆ ಕಡೆ ನೋಡಿದೆ.

ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಹಾಗಿರುವಾಗ ಥಾಪ್ ತಾತನ ಸರದಿ ಬಂತು. ಗಾರೆ ಕೆಲಸದ ತಾತ, ನಮ್ಮ ಊರಿನ ಅರ್ಧ ಮನೆಗಳಿಗೆ ಗೋಡೆ ಎಬ್ಬಿಸಿದವನು. ತನ್ನ ಮನೆಯನ್ನೂ ತಾನೇ ಕಟ್ಟಿದ್ದ, ಹೊಸ್ತಿಲಿಗೆ ಒಳ್ಳೆ ಹಲಸಿನ ಮರ ಹಾಕಿದ್ದ. ಗಾಡಿಯಲ್ಲಿ ಲಾಮ್, ಅಕ್ಕ, ತಾತನ ಸೊಸೆ ಹುಯೆ ಕೂತಿದ್ದರು. ಮಳೆ ಹಿಡಿದಿತ್ತು. ಸೇತುವೆ ಮೇಲೆ ಹಿಂದಿನಿಂದ ಅಕ್ಕನ ದನಿ ಬಂತು, "ಸಾವಕಾಶ ಹೋಗು ತಮ್ಮ."

ಲಾಮ್ ತಾತನ ಕುತ್ತಿಗೆಗೆ ಬೆರಳಿಟ್ಟದ್ದು ಕನ್ನಡಿಯಲ್ಲಿ ಕಂಡಿತು. ಬೆರಳು ತೆಗೆಯಲಿಲ್ಲ ಅವನು. ಅಕ್ಕ ಅವನನ್ನೇ ನೋಡಿದಳು, ಚೀಲ ಹಿಸುಕುತ್ತಲೇ ಇದ್ದಳು. ಆ ನೋಟ ಏನು ಹೇಳುತ್ತಿತ್ತು ಎಂದು ಗಾಡಿ ಓಡಿಸುವ ನನಗೆ ಅರ್ಥವಾಯಿತು, ಸಿಂಗಪುರ ಓದಿದವನಿಗೆ ಆಗಲಿಲ್ಲ.

ಗೇಟಿನಲ್ಲಿ ತಾತನ ಅಣ್ಣ ಕೊಡೆ ಹಿಡಿದು ನಿಂತಿದ್ದ. "ಇದ್ದಾನಾ?"

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಲಾಮ್ ಕೆಳಗಿಳಿದು, ಎರಡೂ ಕೈ ಜೋಡಿಸಿ, ತಲೆ ಬಾಗಿಸಿ ಹೇಳಿದ. "ಕ್ಷಮಿಸಿ ತಾತ. ಸೇತುವೆ ಹತ್ತಿರ ಹೃದಯ ನಿಂತುಹೋಯ್ತು. ನಿಮಗೆ ಸುಳ್ಳು ಹೇಳೋಕೆ ನನಗಾಗಲ್ಲ."

ಮನೆಯ ಬಾಗಿಲು ಮುಚ್ಚಿತು. ಅಷ್ಟೇ. ತಾತನ ಮಗ ಅಳುತ್ತ ಒಳಗಿಂದ ಟಾರ್ಪಾಲು ತಂದ. ತಾನೇ ಕಟ್ಟಿದ ಮನೆಯ ಅಂಗಳದಲ್ಲಿ, ಮಳೆಯಲ್ಲಿ, ಥಾಪ್ ತಾತ ಹೊರಗಿನವನಾಗಿ ಮಲಗಿದ. ಹುಯೆ ಬೀದಿಯಲ್ಲಿ ನಿಂತು, "ನನ್ನ ಮಾವ ಉಸಿರಾಡ್ತಿದ್ರು, ನಾನು ಕಣ್ಣಾರೆ ನೋಡ್ದೆ! ಈ ಡಾಕ್ಟ್ರು ಕುತ್ತಿಗೆಗೆ ಕೈ ಹಾಕಿದ್ದೇ ಹೋದ್ರು!" ಎಂದು ಕೂಗಿದಳು. ಆ ಕೂಗು ಊರೆಲ್ಲ ತುಂಬಿತು.

ವಾಪಸ್ ಬರುವಾಗ ಲಾಮ್ ಮುಂದಿನ ಸೀಟಿನಲ್ಲಿ ಕೂತಿದ್ದ, ಒದ್ದೆಯಾಗಿ. ಅಕ್ಕ ಹಿಂದಿನಿಂದ ಹೇಳಿದಳು, ಬೈದ ಹಾಗೂ ಇರಲಿಲ್ಲ, ಬರೀ ದಣಿದ ದನಿ. "ನಿಜ ಹೇಳಬಾರದು ಅಂತ ನಾನು ಅನ್ನಲ್ಲ ಡಾಕ್ಟ್ರೇ. ಅಂಗಳ ದಾಟಿ ಹೇಳಬಹುದಿತ್ತು. ನಿಜ ಎಲ್ಲೂ ಓಡಿಹೋಗ್ತಿರಲಿಲ್ಲ."

"ಅದು ಮೋಸ ಅಲ್ವಾ ಅಕ್ಕಾ?"

"ಹೂಂ, ಮೋಸವೇ."

 

ತಾತನ ಮನೆಯವರು ದೂರು ಕೊಟ್ಟರು. ಅವರ ವಾದ ಗಟ್ಟಿಯಾಗಿತ್ತು. ಮಿಯೆನ್ ಒಬ್ಬಳೇ ಬರುತ್ತಿದ್ದಾಗ ಇಷ್ಟು ವರ್ಷದಲ್ಲಿ ಒಬ್ಬರೂ ದಾರಿಯಲ್ಲಿ ಸತ್ತಿಲ್ಲ. ಈ ಡಾಕ್ಟರು ಬಂದ, ದಾರಿಯಲ್ಲೇ ಸತ್ತರು. ಹಾಗಾದರೆ ಡಾಕ್ಟರೇ ಏನೋ ಮಾಡಿದ್ದಾನೆ. ಮೇಲಿನವರ ಕಚೇರಿಯಿಂದ ಫೋನು ಬಂತು. ಲಾಮ್ ಕೆಲಸ ಹೋಗುತ್ತದೆ, ಜೈಲಾದರೂ ಆದೀತು ಎಂದು ಕ್ಯಾಂಟೀನಿನಲ್ಲಿ ಮಾತು. ಸಮಿತಿ ಮತ್ತೆ ಕೂತಿತು. ಸಮಿತಿ ಹುಟ್ಟಿಸಿದವಳನ್ನೇ ಈ ಸಲ ಎದುರಿಗೆ ಕೂರಿಸಿಕೊಂಡಿತು.

ವಕೀಲೆ ಕೇಳಿದಳು. "ಮಿಯೆನ್, ಇಷ್ಟು ವರ್ಷ ನೀವು ಕರೆದುಕೊಂಡು ಹೋದವರಲ್ಲಿ ಒಬ್ಬರೂ ದಾರಿಯಲ್ಲಿ ತೀರಿಕೊಂಡಿಲ್ಲ. ಹೌದಾ, ಅಲ್ವಾ?"

ಹೌದು ಅಂದರೆ ಆ ಹುಡುಗನ ಬಾಳು ಮುಗಿಯಿತು. ಅಲ್ಲ ಅಂದರೆ ಊರಿನ ಎಷ್ಟೋ ನಡುಮನೆಗಳಲ್ಲಿ ಹೆಣ ಹೊಸ್ತಿಲು ದಾಟಿದೆ ಎಂದಾಗುತ್ತದೆ. ಅಲ್ಲಿಂದ ಈಚೆಗೆ ಯಾರ ಮನೆಯಲ್ಲಿ ಹಂದಿ ಸತ್ತರೂ, ಯಾರ ಮಗಳು ಗಂಡನ ಬಿಟ್ಟು ಬಂದರೂ ಅದಕ್ಕೆ ಕಾರಣ ಅಕ್ಕನ ಕೈ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಗಿತ್ತು ಅವಳ ಪಾಡು. ನನ್ನದೂ ಅಷ್ಟೇ. ಅವಳು ಅಲ್ಲ ಅಂದರೆ ನನ್ನ ಅಮ್ಮನ ಮಾತು ಬರುತ್ತಿತ್ತು.

ಅಕ್ಕ ಲಾಮ್ ಕಡೆ ನೋಡಿದಳು. ಅವನು ಕೆಲವೇ ದಿನಗಳಲ್ಲಿ ಇಳಿದುಹೋಗಿದ್ದ.

"ದಾರಿಯಲ್ಲಿ ಹೋದವರಿದ್ದಾರೆ," ಅಂದಳು. "ಬೇಕಾದಷ್ಟು ಜನ ಇದ್ದಾರೆ. ನಾನು ಹಿಸುಕುತ್ತಾನೇ ಒಳಗೆ ಕರ್ಕೊಂಡು ಹೋದೆ. ಈ ಡಾಕ್ಟ್ರು ಏನೂ ಮಾಡಿಲ್ಲ. ಆ ತಾತನಿಗೆ ಮನೆ ತನಕ ಆಯಸ್ಸಿರಲಿಲ್ಲ, ಅಷ್ಟೇ."

ನಿರ್ದೇಶಕರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ವಕೀಲೆ, "ಯಾರ್ಯಾರು?" ಎಂದಳು.

"ಅದನ್ನ ಕೇಳಬೇಡಿ ತಾಯಿ. ಹೇಳಲ್ಲ. ಕೆಲಸ ತಗೊಳ್ಳಿ, ಪಿಂಚಣಿ ತಗೊಳ್ಳಿ. ಹೆಸರು ಮಾತ್ರ ನನ್ನ ಜೊತೆ ಮಣ್ಣಿಗೆ ಹೋಗುತ್ತೆ."

ವಕೀಲೆ ನನ್ನ ಕಡೆ ತಿರುಗಿದಳು. "ನೀವು ಡ್ರೈವರ್. ನಿಮಗೆ ಗೊತ್ತಿರಬೇಕಲ್ಲ?"

"ನಾನು ರಸ್ತೆ ನೋಡ್ತಿದ್ದೆ" ಅಂದೆ. ಸಾಮಾನ್ಯ ಮನುಷ್ಯನ ಅಭಿಪ್ರಾಯ ಅಷ್ಟೇ ದಾಖಲಾಯಿತು.

ಲಾಮ್ ಉಳಿದುಕೊಂಡ. ಅಕ್ಕನಿಗೆ ಶಿಕ್ಷೆ ಆಗಲಿಲ್ಲ, ಆದರೆ ಇನ್ನು ಗಾಡಿ ಹತ್ತುವುದು ಬೇಡ ಎಂದರು, ನಿವೃತ್ತಿಗೆ ಕೆಲವೇ ತಿಂಗಳಿದ್ದವು, ಮುಂಚೆಯೇ ಮನೆಗೆ ಕಳಿಸಿದರು. ಅವಳು ಹೋದ ಮೇಲೆ ಸಮಿತಿ ಇನ್ನೊಂದು ನಿಯಮ ಬರೆಯಿತು. ಹೊಟ್ಟೆ ಉರಿಯುವುದು ಇಲ್ಲಿ! ದಾರಿಯಲ್ಲಿ ಏನೇ ಆಗಲಿ, ರೋಗಿಯನ್ನು ಮನೆಯೊಳಗೆ ಮಲಗಿಸಿದ ನಂತರವೇ ಮರಣವನ್ನು ತಿಳಿಸತಕ್ಕದ್ದು. ವಕೀಲೆ ಒಂದಿಷ್ಟು ಗೊಣಗಿದಳು, ಭಿಕ್ಷುಣಿ ಅಮ್ಮ ತಲೆಯಾಡಿಸಿದರು, ಬರೆದವನು ಲಾಮ್. ಅಕ್ಕ ಮಾಡಿದ್ದು ಮೋಸ, ಸಮಿತಿ ಬರೆದದ್ದು ನಿಯಮ. ನಾನು ಕೈ ಎತ್ತಿ ಒಪ್ಪಿಗೆ ಕೊಟ್ಟೆ. ಸರಿಯಾದ ನಿಯಮವೇ ಅದು, ಅದಕ್ಕೇ ಇನ್ನೂ ಸಿಟ್ಟು ಬರುತ್ತದೆ ನನಗೆ.

ಸಭೆಯ ಮಾತು ಸಭೆಯಲ್ಲೇ ಉಳಿಯಬೇಕೆಂದು ಎಲ್ಲರಿಂದ ಮಾತು ತೆಗೆದುಕೊಂಡಿದ್ದರು. ಆದರೂ ಚಹಾ ತಂದವಳಿಗೆ ಕಿವಿ ಇಲ್ಲವೇ? ವಾರದೊಳಗೆ ಊರೆಲ್ಲ ಗೊತ್ತಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪ್ರತಿಯೊಂದು ಮನೆಯೂ ತನ್ನ ಹೊಸ್ತಿಲನ್ನು ನೋಡಿಕೊಂಡಿತು.

ಜನ ಅಕ್ಕನ ಮನೆಗೆ ಕಲ್ಲು ಹೊಡೆಯುತ್ತಾರೆ ಎಂದು ಹೆದರಿ ಅವತ್ತು ಭಾನುವಾರ ಬೆಳಿಗ್ಗೆಯೇ ಹೋಗಿ ಅವಳ ಜಗಲಿಯಲ್ಲಿ ಕೂತೆ. ಅವಳು ಮೊರದ ತುಂಬ ಕಡಲೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದಳು. ಮುಂಗೈಗೆ ಬಟ್ಟೆ ಸುತ್ತಿತ್ತು. "ಸುಮ್ನೆ ಕೂತಿದೀಯಲ್ಲ, ನೀನೂ ಸುಲಿ" ಅಂದಳು.

ಜನ ಬಂದರು. ಆದರೆ ಕಲ್ಲು ತರಲಿಲ್ಲ. ಒಬ್ಬೊಬ್ಬರಾಗಿ ಬಂದರು, ಒಬ್ಬರು ಹೋಗುವ ತನಕ ಇನ್ನೊಬ್ಬರು ಬೇಲಿಯಾಚೆ ಕಾದರು. ಅಕ್ಕಿಹಪ್ಪಳ ಮಾಡುವ ಮುದುಕ ಬಂದು, ಟೋಪಿ ಕೈಯಲ್ಲಿ ತಿರುಗಿಸುತ್ತ, "ನಮ್ಮವಳು..." ಅಂದು ನಿಲ್ಲಿಸಿದ.

"ಇದ್ದರು ಅಣ್ಣ. ನೀವು ಕಿವಿಯಲ್ಲಿ ಹೇಳಿದ್ದು ಕೇಳಿಸಿಕೊಂಡೇ ಹೋದರು."

ಮುದುಕನ ಮುಖ ಬಿಚ್ಚಿಕೊಂಡಿತು. "ನನಗೆ ಗೊತ್ತಿತ್ತು ತಂಗಿ! ನಮ್ಮೋಳು ಗಟ್ಟಿಗಿತ್ತಿ. ಬೇರೆ ಯಾರದ್ದೋ ಇರಬೇಕು ಅಂತ ನಾನಂದೆ." ಹೋಗುವಾಗ ಒಂದು ಕಟ್ಟು ಹಪ್ಪಳ ಇಟ್ಟುಹೋದ.

ಅವನ ಹಿಂದೆ ಇನ್ನೊಬ್ಬರು. "ಇದ್ದರು." ಮತ್ತೊಬ್ಬರು. "ಇದ್ದರು ಕಣಮ್ಮ." ಎಲ್ಲರೂ ಹಗುರವಾಗಿ ಹೋದರು, ಕೆಡುಕು ಪಕ್ಕದ ಮನೆಯದು ಎಂದು ನೆಮ್ಮದಿಯಾಗಿ. ನನಗಾದರೂ ಒಂದೊಂದು ಮುಖ ಬಂದಾಗಲೂ ಹಳೆಯ ದಾರಿ ನೆನಪಾಗುತ್ತಿತ್ತು. ಹಪ್ಪಳದ ಮುದುಕನ ಹೆಂಡತಿಯ ದಿನ ಶಾಲೆಯ ಹತ್ತಿರ ಅಕ್ಕ ಸಾವಕಾಶ ಅಂದಿದ್ದಳು. ನಾನು ತಲೆ ಎತ್ತದೆ ಕಡಲೆಕಾಯಿ ಒಡೆದೆ.

ಮೀನಿನ ದುಂಗ್ ಕೂಡ ಬಂದಳು, ಎಲೆಯಲ್ಲಿ ಸುತ್ತಿದ ತಾಜಾ ಮೀನು ಹಿಡಿದು. ಅವಳ ಗಂಡನೂ ನಮ್ಮ ಗಾಡಿಯಲ್ಲೇ ಬಂದವನು. "ಇದ್ದ ಕಣೇ" ಅಂದಳು ಅಕ್ಕ. ದುಂಗ್ ಬಿಕ್ಕಿದಳು. ಮೂಗು ಒರೆಸಿಕೊಂಡು, "ನಾಳೆ ಬೆಳಿಗ್ಗೇನೇ ಬಾರಕ್ಕಾ, ನಿನ್ನ ಕೈಯಿಂದಲೇ ಬೋಣಿ ಮಾಡಿಸ್ತೀನಿ" ಅಂದಳು. ಅಕ್ಕ ಹೂಂ ಅಂದಳು. ಹೋಗುವ ಮನಸ್ಸಿದ್ದ ಹಾಗೆ ಕಾಣಲಿಲ್ಲ.

ಎಲ್ಲರೂ ಹೋದ ಮೇಲೆ ಥಾಪ್ ತಾತನ ಸೊಸೆ ಹುಯೆ ಬಂದಳು. ಅವಳು ಕೇಳುವಂಥದ್ದು ಏನೂ ಉಳಿದಿರಲಿಲ್ಲ, ಬಂದವರಲ್ಲಿ ಅವಳೊಬ್ಬಳಿಗೆ ಮಾತ್ರ ನಿಜ ಗೊತ್ತಿತ್ತು. ಮೆಟ್ಟಿಲ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಅಕ್ಕಾ, ಅವತ್ತು ನೀನೊಬ್ಬಳೇ ಬಂದಿದ್ರೆ ನಮ್ಮ ಮಾವ ಒಳಗೆ ಬರ್ತಿದ್ರು."

"ಬರ್ತಿದ್ರು."

"ಮನೆ ಕಟ್ಟಿದೋರು."

"ಹೌದಮ್ಮ." ಅಕ್ಕ ಅವಳ ತಲೆ ನೇವರಿಸಿದಳು. ಬೇರೆ ಸಮಾಧಾನ ಅವಳ ಹತ್ತಿರ ಇರಲಿಲ್ಲ. ಹುಯೆ ಕಣ್ಣೊರೆಸಿಕೊಂಡು ಎದ್ದುಹೋದಳು.

ಜಗಲಿಯಲ್ಲಿ ನಾವಿಬ್ಬರೇ ಉಳಿದೆವು. ಬಿಸಿಲು ಅಂಗಳದಿಂದ ಹಿಂದೆ ಸರಿದಿತ್ತು. ಬೆಳಿಗ್ಗೆಯಿಂದ ಆ ಒಂದೇ ಉತ್ತರ ಕೇಳುತ್ತ ಕೂತಿದ್ದೆ. ಅದಕ್ಕೆ ಬೆಲೆಯಿಲ್ಲ ಎಂದು ನನ್ನಷ್ಟು ಚೆನ್ನಾಗಿ ಬಲ್ಲವನು ಇನ್ನೊಬ್ಬನಿಲ್ಲ. ಆದರೂ ಬಾಯಿ ಸುಮ್ಮನಿರಲಿಲ್ಲ ನೋಡಿ.

"ಅಕ್ಕಾ, ನನ್ನಮ್ಮ?"

ಅಕ್ಕನ ಕೈ ನಿಂತಿತು. "ನಿನಗೂ ಹೇಳಬೇಕೇನೋ?"

"ಹೇಳು."

"ಇದ್ದರು ಅಂದ್ರೆ ನಂಬ್ತೀಯಾ? ಬೆಳಿಗ್ಗೆಯಿಂದ ಪಕ್ಕದಲ್ಲೇ ಕೂತಿದೀಯಲ್ಲೋ."

"ಹಂಗಾದ್ರೆ ಇರಲಿಲ್ಲ ಅನ್ನು. ಏನಾದ್ರೂ ಒಂದು ಅನ್ನು."

ಅವಳು ಮೊರವನ್ನು ಪಕ್ಕಕ್ಕಿಟ್ಟಳು. "ಅವತ್ತು ನಾನು ದಾರಿಯಲ್ಲಿ ಏನೂ ಹೇಳ್ಲಿಲ್ಲ. ನೆನಪಿದೆಯಾ?"

"ಇದೆ. ಬೇಗ ಅಂತಲೂ ಅನ್ನಲಿಲ್ಲ, ಸಾವಕಾಶ ಅಂತಲೂ ಅನ್ನಲಿಲ್ಲ. ಅದಕ್ಕೇ ನನಗೆ ಗೊತ್ತಾಗ್ಲಿಲ್ಲ."

"ಇಟ್ಟಿಗೆಗೂಡಿನ ಹತ್ರ ಹೇಳೋಣ ಅಂತ ಬಾಯಿ ತೆಗೆದೆ ಕಣೋ. ಅಷ್ಟರಲ್ಲಿ ನೀನೇ ಗಾಡಿ ನಿಧಾನ ಮಾಡಿದೆ. ನಾನು ಹೇಳೋಕೆ ಮುಂಚೇನೇ. ಅಲ್ಲಿಂದ ಮನೆ ತನಕ ಒಂದು ಗುಂಡಿಗೂ ಇಳಿಸದೆ ಹೋದೆ." ಅವಳು ನನ್ನ ಮುಖ ನೋಡಲಿಲ್ಲ. "ನಾನು ಹೇಳೋದು ಏನು ಉಳೀತು?"

ಕಡಲೆಕಾಯಿ ನನ್ನ ಬೆರಳಲ್ಲೇ ಇತ್ತು. ಹೌದು, ನಿಧಾನ ಮಾಡಿದ್ದೆ. ಇಟ್ಟಿಗೆಗೂಡಿನ ತಿರುವಿನಲ್ಲಿ ನನ್ನ ಕಾಲು ತಾನಾಗಿಯೇ ಮೇಲೆದ್ದಿತ್ತು. ಯಾಕೆ ಎಂದು ಇಷ್ಟು ವರ್ಷ ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ.

"ಹಾಗಾದ್ರೆ ನಾನು ಕಿವಿಯಲ್ಲಿ ಹೇಳಿದ್ದೆಲ್ಲ?" ಅಂದೆ. "ಅದೆಲ್ಲ ಯಾರಿಗೆ ಹೇಳ್ದಂಗಾಯ್ತು ಅಕ್ಕಾ?"

"ನನಗೆ ಕೇಳಿಸ್ತು" ಅಂದಳು ಮಿಯೆನ್ ಅಕ್ಕ. "ಪಕ್ಕದಲ್ಲೇ ಚೀಲ ಹಿಡ್ಕೊಂಡಿದ್ದೆನಲ್ಲ. ಪೂರ್ತಿ ಕೇಳಿಸ್ತು ತಮ್ಮ. ಅದಕ್ಕೇ ನೀನು ಮುಗಿಸೋ ತನಕ ನಿಲ್ಲಿಸ್ಲಿಲ್ಲ."

ಅತ್ತುಬಿಟ್ಟೆ. ಇಷ್ಟು ದೊಡ್ಡ ಗಂಡಸು, ಸಮಿತಿಯ ಸದಸ್ಯ, ಅವಳ ಜಗಲಿಯಲ್ಲಿ ಕೂತು ಅತ್ತೆ. ಅಕ್ಕ ಮುಂಗೈಯ ಬಟ್ಟೆ ಬಿಗಿ ಮಾಡಿಕೊಂಡು, ಮೊರ ಎಳೆದುಕೊಂಡು, ಮಿಕ್ಕ ಕಡಲೆಕಾಯಿ ಸುಲಿಯತೊಡಗಿದಳು.